ಬಾಲ್ಯಮೈತ್ರಿಯ ನಿಷ್ಠೆ

ಪ್ರಸಾದ ನಿಲಯಗಳಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡು, ಒಂದೇ ಕೊಠಡಿಯಲ್ಲಿ ಚಾಪೆ ಹಾಸಿ ಮಲಗಿ ಬೆಳೆದವರು ನಿಮ್ಮಲ್ಲಿ ಅನೇಕರಿದ್ದೀರಿ. ಬಾಲ್ಯದ ಸ್ನೇಹವೆಂದರೇನೆಂಬುದನ್ನು ನಿಮಗೆ ವ್ಯಾಖ್ಯಾನಿಸಿ ಹೇಳಬೇಕಾಗಿಲ್ಲ. ಆದರೆ ಅರಿವು ಪೂರ್ಣವಾಗಿ ಮೂಡದ ಆ ವಯಸ್ಸಿನಲ್ಲಿ ನಿಷ್ಠೆ ಯಾವುದು, ದ್ರೋಹ ಯಾವುದು, ಬಯಸದೆ ಘಟಿಸಿದ ತಪ್ಪಿಗೆ ಹೊಣೆ ಯಾರು ಎಂದು ನಾವು ಕೇಳಿಕೊಳ್ಳುವುದು ವಿರಳ. ಈ ಪ್ರಶ್ನೆಯನ್ನು ನನ್ನೆದುರು ತಂದು ನಿಲ್ಲಿಸಿದುದು ಯಾವ ಶಾಸ್ತ್ರಗ್ರಂಥವೂ ಅಲ್ಲ, ಒಂದು ಚಲನಚಿತ್ರ.

ಮಕ್ಕಳು ಬೆಳೆದು ದೊಡ್ಡವರಾಗುವ ಕಥೆಯುಳ್ಳ ಚಿತ್ರಗಳಲ್ಲಿ ಮಿತ್ರನಿಗಾಗಿ ಎದೆಯೊಡ್ಡುವ ಧೀರಬಾಲಕರಿಗೆ ಕೊರತೆಯಿಲ್ಲ. 1986ರ ಅಮೆರಿಕದ ಚಿತ್ರ ‘ಸ್ಟ್ಯಾಂಡ್ ಬೈ ಮಿ’ಯಲ್ಲಿ 12 ವರ್ಷದ ಹುಡುಗನೊಬ್ಬ, ಗೆಳೆಯನ ಮೇಲೆ ಚಾಕು ಹಿರಿದು ಬಂದವನೆದುರು ಪಿಸ್ತೂಲು ಹಿಡಿದು ನಿಲ್ಲುತ್ತಾನೆ. ನೋಡುವುದಕ್ಕೆ ಚೆನ್ನ. ಅಂಥ ಗಳಿಗೆ ನಮ್ಮಲ್ಲಿ ಎಷ್ಟು ಮಂದಿಯ ಬಾಳಿನಲ್ಲಿ ಬಂದೀತು?

ನಾನು ಹೇಳಹೊರಟಿರುವುದು ಫ್ರಾನ್ಸಿನ ಲೂಯಿ ಮಾಲ್ ಎಂಬಾತನ 1987ರ ಚಿತ್ರವನ್ನು ಕುರಿತು. ‘ಮಕ್ಕಳೇ, ಮತ್ತೆ ಕಾಣೋಣ’ ಎಂದು ಅದರ ಹೆಸರಿನ ಅರ್ಥ. 1944ರ ಜನವರಿ, ಜರ್ಮನ್ ಸೇನೆಯ ವಶದಲ್ಲಿದ್ದ ಫ್ರಾನ್ಸ್, ಕ್ರೈಸ್ತ ಸಂನ್ಯಾಸಿಗಳು ನಡೆಸುತ್ತಿದ್ದ ಒಂದು ವಸತಿಶಾಲೆ. ಅಲ್ಲಿನ ಹಿರಿಯ ಪಾದ್ರಿ ಮೂವರು ಯಹೂದಿ ಬಾಲಕರಿಗೆ ಬೇರೆ ಹೆಸರಿಟ್ಟು ಆಶ್ರಯವಿತ್ತಿರುತ್ತಾರೆ. ಅವರಲ್ಲೊಬ್ಬನಾದ ಬೊನೆಗೂ ಶ್ರೀಮಂತರ ಮಗನಾದ ಜೂಲಿಯನ್ನನಿಗೂ ಮೊದಲು ಸ್ಪರ್ಧೆ, ಅನಂತರ ಸ್ನೇಹ. ಕಾಡಿನಲ್ಲಿ ಇಬ್ಬರೂ ದಾರಿ ತಪ್ಪುತ್ತಾರೆ; ರಾತ್ರಿ ಕದ್ದು ಕಥೆ ಓದುತ್ತಾರೆ. ಒಂದು ದಿನ ಜರ್ಮನ್ ಗುಪ್ತ ಪೊಲೀಸರ ಅಧಿಕಾರಿ ತರಗತಿಗೆ ಬಂದು ಬೊನೆಯ ನಿಜನಾಮವನ್ನು ಹೇಳಿ, ಅವನಾರೆಂದು ಕೇಳುತ್ತಾನೆ. ಯಾರೂ ಬಾಯಿ ಬಿಡುವುದಿಲ್ಲ. ಅಧಿಕಾರಿ ಬೆನ್ನು ತಿರುಗಿಸಿದಾಗ ಜೂಲಿಯನ್ ಗೆಳೆಯನತ್ತ ಒಮ್ಮೆ ಕಣ್ಣು ಹಾಯಿಸುತ್ತಾನೆ. ಅಷ್ಟೇ. ಆ ನೋಟದ ಜಾಡು ಹಿಡಿದು ಅಧಿಕಾರಿ ಬೊನೆಯ ಬಳಿಗೆ ನಡೆಯುತ್ತಾನೆ.

ಚಿತ್ರದಲ್ಲಿ ನೆನಪಿನೊಡನೆ ಕಲ್ಪನೆಯೂ ಬೆರೆತಿದೆಯಾದರೂ ಬುಡ ಸತ್ಯವಾದುದು. ಆವೊಂ ಎಂಬ ಊರಿನ ಆ ಶಾಲೆಯಲ್ಲಿ ಮಾಲ್ ಆಗ 11 ವರ್ಷದ ವಿದ್ಯಾರ್ಥಿ. ಸೆರೆಯಾದ ಮೂವರು ಬಾಲಕರೂ ಆಶ್ವಿಟ್ಸಿನಲ್ಲಿ ಹತರಾದರು. ಆಶ್ರಯವಿತ್ತ ಫಾದರ್ ಝಾಕ್ ಸೆರೆಶಿಬಿರದಿಂದ ಬಿಡುಗಡೆಯಾದ ಕೆಲವೇ ವಾರಗಳಲ್ಲಿ, 1945ರ ಜೂನ್‌ನಲ್ಲಿ ತೀರಿಕೊಂಡರು. ಮೂರು ದಶಕ ಬೇರೆ ಬೇರೆ ಚಿತ್ರಗಳನ್ನು ತೆಗೆದ ಮೇಲೆಯೇ ಮಾಲ್ ಇದನ್ನು ತೆಗೆದುದು.

ನೋಟ ದ್ರೋಹವೇ? ಸಂಕಲ್ಪವಿಲ್ಲದಲ್ಲಿ ಪಾಪವಿಲ್ಲ ಎಂದು ನೀವು ಹೇಳಬಹುದು. ಅಳುಕಿದ ಗೆಳೆಯನಿಗೆ ಬೊನೆಯೂ ಅದನ್ನೇ ಹೇಳುತ್ತಾನೆ: ಹೇಗಿದ್ದರೂ ಅವರು ನನ್ನನ್ನು ಹಿಡಿಯುತ್ತಿದ್ದರು, ಚಿಂತಿಸಬೇಡ, ಎಂದು. ಆ ಮಾತನ್ನಾಡುವ ಅಧಿಕಾರ ಬೊನೆಗಿತ್ತು. ನೋಡಿದವನಿಗೆ ತನ್ನನ್ನು ತಾನೇ ಹಾಗೆ ಬಿಡುಗಡೆ ಮಾಡಿಕೊಳ್ಳುವ ಅಧಿಕಾರವಿಲ್ಲವೆಂದೇ ನನ್ನ ಅಭಿಪ್ರಾಯ.

ಇಷ್ಟರಲ್ಲೇ ನಿಲ್ಲಬಹುದಿತ್ತು. ಆದರೆ ಕಥೆಯಲ್ಲಿ ಜೋಸೆಫ್ ಎಂಬ ಅಡುಗೆಮನೆಯ ಕುಂಟ ಹುಡುಗನೊಬ್ಬನಿದ್ದಾನೆ. ವಿದ್ಯಾರ್ಥಿಗಳು ಮನೆಯಿಂದ ಬಂದ ಹಣ್ಣಿನ ಪಾಕವನ್ನೂ ತಿಂಡಿಯನ್ನೂ ಕೊಟ್ಟು ಅವನಿಂದ ಗುಟ್ಟಾಗಿ ಬೇಕಾದುದನ್ನು ಪಡೆಯುತ್ತಾರೆ. ಸಿಕ್ಕಿಬಿದ್ದಾಗ ಅವನನ್ನು ಹೊರಗಟ್ಟುತ್ತಾರೆ. ಜೂಲಿಯನ್ ಮೊದಲಾದವರು ತಂದೆತಾಯಿಗಳ ಮುಖ ನೋಡಿ ಉಳಿಯುತ್ತಾರೆ. ಇದು ಅನ್ಯಾಯವೆಂದು ಆ ಪಾದ್ರಿಗೇ ಗೊತ್ತು. ಜರ್ಮನರಿಗೆ ಸುಳುಹು ಕೊಟ್ಟವನು ಈ ಜೋಸೆಫನೇ. ಅವನ ಕೃತ್ಯವನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ಜೂಲಿಯನ್ನನು ಬೊನೆಗೆ ತೋರಬೇಕಾದ ನಿಷ್ಠೆಯ ಪರೀಕ್ಷೆ ತರಗತಿಯಲ್ಲಲ್ಲ, ಅದಕ್ಕೂ ಮೊದಲೇ ಅಡುಗೆಮನೆಯ ಬಾಗಿಲಲ್ಲಿ ನಡೆದುಹೋಗಿತ್ತು.

ನಾನು ಓದಿದ ವಿದ್ಯಾರ್ಥಿನಿಲಯದಲ್ಲಿ ಒಮ್ಮೆ ಉಗ್ರಾಣದ ಬೆಲ್ಲ ಕಾಣೆಯಾಯಿತು. ತಿಂದವರು ನಾವು ನಾಲ್ವರು. ಒಬ್ಬರನ್ನೊಬ್ಬರು ಬಿಟ್ಟುಕೊಡಬಾರದೆಂದು ಆಣೆ ಇಟ್ಟುಕೊಂಡೆವು, ಬಿಟ್ಟುಕೊಡಲಿಲ್ಲ. ಪಾತ್ರೆ ತೊಳೆಯುತ್ತಿದ್ದ, ನಮ್ಮದೇ ವಯಸ್ಸಿನ ಹುಡುಗನೊಬ್ಬನನ್ನು ಮರುದಿನ ಊರಿಗೆ ಕಳುಹಿಸಿದರು. ಆ ಮೂವರು ಗೆಳೆಯರೊಡನೆ ಇಂದಿಗೂ ಹೋಗಿಬರುವುದಿದೆ. ಅವರ ಮಕ್ಕಳ ಮದುವೆಗಳಲ್ಲಿ ನಮ್ಮ ಆ ಒಗ್ಗಟ್ಟಿನ ಪ್ರಸ್ತಾಪ ನಗೆಯೊಡನೆ ಬರುತ್ತದೆ. ಆ ಹುಡುಗನ ಹೆಸರು ನಾಲ್ವರಲ್ಲಿ ಯಾರಿಗೂ ನೆನಪಿಲ್ಲ.