ಎರಡು ಡಿಸ್ಕಿನ ಹರಿಶ್ಚಂದ್ರ

ನಕಲು ಅಂದ ಕೂಡಲೇ ನಮ್ಮ ಮನಸ್ಸಿಗೆ ಬರುವುದು ಪರೀಕ್ಷೆಯ ನಕಲು, ಇಲ್ಲವೇ ಕಳ್ಳ ಸಿಡಿ. ನಕಲು ಮಾಡಿದವರಿಂದಲೇ ನಮಗೆ ಉಳಿದು ಬಂದದ್ದೆಷ್ಟು ಎಂದು ಯಾರೂ ಲೆಕ್ಕ ಹಾಕುವುದಿಲ್ಲ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಸಿ ಹಂಚಿದಳು. ಓಲೆಗರಿಗೆ ಹುಳು ಹಿಡಿಯುತ್ತದೆ, ಬೆಂಕಿ ತಾಗುತ್ತದೆ. ಸಾವಿರ ಮನೆಗೂ ಒಂದೇ ದಿನ ಬೆಂಕಿ ಬೀಳುವುದಿಲ್ಲ, ಅಷ್ಟೇ ಆಕೆಯ ಲೆಕ್ಕ ಇದ್ದಿರಬೇಕು.

ಸಿನಿಮಾಕ್ಕೆ ಅಂಥ ಅತ್ತಿಮಬ್ಬೆ ಸಿಗಲಿಲ್ಲ. ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ಬೆಂಗಳೂರಿನಲ್ಲಿ ತೆರೆ ಕಂಡಿತು. ಇವತ್ತು ಅದರ ಪ್ರತಿ ಉಳಿದಿಲ್ಲ. ಮಲಯಾಳದ ಮೊದಲ ಚಿತ್ರ ‘ವಿಗತಕುಮಾರನ್’ ಕತೆಯೂ ಅದೇ. 1933ರ ‘ಮಾರ್ತಾಂಡವರ್ಮ’ ಉಳಿದ ರೀತಿ ಕೇಳಿದರೆ ನಗು ಬರುತ್ತದೆ. ಕಾದಂಬರಿಯ ಹಕ್ಕು ತಮ್ಮದೆಂದು ಪ್ರಕಾಶಕರು ಕೋರ್ಟಿಗೆ ಹೋದರು, ಚಿತ್ರದ ಪ್ರದರ್ಶನ ನಿಂತಿತು, ರೀಲುಗಳು ಪ್ರಕಾಶಕರ ಕೈಯಲ್ಲೇ ಉಳಿದವು. ಎಷ್ಟೋ ವರ್ಷಗಳ ಮೇಲೆ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಅವನ್ನು ಪಡೆಯಿತು. ಜನ ನೋಡಿದ ಚಿತ್ರಗಳು ಹೋದವು, ನೋಡಬಾರದೆಂದು ಮುಚ್ಚಿಟ್ಟದ್ದು ಉಳಿಯಿತು!

ಇಷ್ಟು ಪೀಠಿಕೆ ಹಾಕಿದ್ದು ನಮ್ಮ ವಾಯನಶಾಲೆಯ ಕಪಾಟಿನ ವಿಷಯಕ್ಕೆ. ಅಲ್ಲಿ ಕನ್ನಡ ಚಿತ್ರಗಳ ಒಂದಷ್ಟು ಡಿವಿಡಿ ಇವೆ; ಕುಟ್ಟದಿಂದ, ಗೋಣಿಕೊಪ್ಪದಿಂದ, ಮೈಸೂರಿಗೆ ಹೋಗಿ ಬಂದವರ ಕೈಯಿಂದ ಸೇರಿದವು. ತಿರುನೆಲ್ಲಿಯ ಮಳೆ ನಿಮಗೆ ಗೊತ್ತೇ ಇದೆ. ಕರ್ಕಿಡಕ ಮಾಸದಲ್ಲಿ ಚಪ್ಪಲಿಗೂ ಬೂಷ್ಟು, ಪುಸ್ತಕಕ್ಕೂ ಬೂಷ್ಟು, ಡಿಸ್ಕಿನ ಮೇಲೂ ಬೂದಿ ಎರಚಿದ ಹಾಗೆ ಬೂಷ್ಟು. ಆದ್ದರಿಂದ ಮುಖ್ಯವಾದವಕ್ಕೆ ಒಂದೊಂದು ಪ್ರತಿ ಮಾಡಿ ಇಡೋಣ ಎಂದಾಯಿತು. ಚರ್ಚೆ ಶುರುವಾದದ್ದು ‘ಸತ್ಯಹರಿಶ್ಚಂದ್ರ’ದಿಂದ. ಹುಣಸೂರು ಕೃಷ್ಣಮೂರ್ತಿಯವರ 1965ರ ಚಿತ್ರ, ರಾಜಕುಮಾರ್ ಹರಿಶ್ಚಂದ್ರ, ಪಂಡರಿಬಾಯಿ ಚಂದ್ರಮತಿ. ಮೂರು ಗಂಟೆ ದಾಟುವ ಚಿತ್ರ.

ತೊಂದರೆ ಇಲ್ಲಿದೆ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಖಾಲಿ ಡಿವಿಡಿಯಲ್ಲಿ ಹಿಡಿಸುವುದು 4.7 ಜಿಬಿ. ಕಂಪನಿಯವರು ಒತ್ತಿಸಿದ ಎರಡು ಪದರದ ಡಿಸ್ಕಿನಲ್ಲಿ 8.5 ಜಿಬಿ ತನಕ ಇರುತ್ತದೆ. ಸೇರಕ್ಕಿ ಅನ್ನ ಇಬ್ಬರಿಗೆ ಬಡಿಸುವುದೂ ನಾಲ್ವರಿಗೆ ಬಡಿಸುವುದೂ ಒಂದೇ ಅಲ್ಲವಲ್ಲ. ಒಂದೇ ಡಿಸ್ಕಿನಲ್ಲಿ ಎರಡು ಗಂಟೆಯ ಚಿತ್ರವಾದರೆ ಸೆಕೆಂಡಿಗೆ ಐದು ಮೆಗಾಬಿಟ್ ಪಾಲು ಬರುತ್ತದೆ, ಮೂರೂವರೆ ಗಂಟೆಯದಾದರೆ ಮೂರೇ. ಚಿತ್ರ ಓಡುವುದೇನೋ ಓಡುತ್ತದೆ. ಆದರೆ ಸ್ಮಶಾನದ ರಾತ್ರಿ ಬಂದಾಗ ನೋಡಿ. ಚಂದ್ರಮತಿ ಮಗನ ಹೆಣ ಹೊತ್ತು ಬರುವ ಆ ಕತ್ತಲೆ, ಕತ್ತಲೆಯಾಗಿ ಉಳಿಯುವುದಿಲ್ಲ. ಚೌಕ ಚೌಕ ತೇಪೆ ಹಾಕಿದ ಕಂಬಳಿಯಾಗುತ್ತದೆ. ಯಂತ್ರ ಹೆಚ್ಚಾಗಿ ಉಳಿತಾಯ ಮಾಡುವುದು ಕತ್ತಲಲ್ಲಿ, ಅಲ್ಲಿ ಯಾರೂ ಕಣ್ಣಿಟ್ಟು ನೋಡುವುದಿಲ್ಲ ಅನ್ನುವ ಧೈರ್ಯದಿಂದ.

ಕಂಪ್ಯೂಟರ್ ಗೊತ್ತಿರುವ ಹುಡುಗ ಹೇಳಿದ: “ಅಜ್ಜಾ, ನಮ್ಮ ಟಿವಿಲಿ ನೋಡೋರಿಗೆ ಅದೆಲ್ಲ ಗೊತ್ತಾಗಲ್ಲ. ಬೇಕಾದ್ರೆ ಶುರುವಿನ ಹೆಸರುಗಳನ್ನ ತೆಗೀತೀನಿ, ಒಂದೆರಡು ಹಾಡು ತೆಗೀತೀನಿ, ಜಾಗ ಆಗ್ತದೆ.”

ಅವನ ಮಾತಿನಲ್ಲಿ ಕೆಟ್ಟತನ ಏನೂ ಇಲ್ಲ. ಖರ್ಚು ಉಳಿಸುವ ಮಾತು. ಆದರೆ ನನಗೆ ಒಪ್ಪಿಗೆಯಾಗಲಿಲ್ಲ, ಯಾಕೆಂದು ಹೇಳುತ್ತೇನೆ. ಇವತ್ತು ನೋಡುವವನಿಗೆ ಗೊತ್ತಾಗದಿರಬಹುದು, ಸರಿ. ಅವನಿಗೆ ಬೇರೆ ಪ್ರತಿ ಸಿಕ್ಕೀತು, ಹಿರಿಯರನ್ನು ಕೇಳಿದರೆ ‘ಇಲ್ಲೊಂದು ಹಾಡಿತ್ತಲ್ಲ’ ಎಂದಾರು. ಮೂವತ್ತು ವರ್ಷದ ಮೇಲೆ ನೋಡುವ ಮಗುವಿಗೆ ನಾವು ಕೊಟ್ಟದ್ದೇ ಹರಿಶ್ಚಂದ್ರ. ತೂಕ ಮಾಡಿ ನೋಡಲು ಅದರ ಕೈಯಲ್ಲಿ ತಕ್ಕಡಿಯೇ ಇಲ್ಲ. ತಕ್ಕಡಿ ಇದ್ದವನಿಗೆ ಕಡಿಮೆ ತೂಗಿದರೆ ಅವನು ಜಗಳಕ್ಕೆ ಬಂದಾನು. ಇಲ್ಲದವನಿಗೆ ಕಡಿಮೆ ತೂಗುವುದು ಬೇರೆಯೇ ಜಾತಿಯ ತಪ್ಪು. ಅದೂ ಎಂಥ ಚಿತ್ರದಲ್ಲಿ!

ಹೆಸರುಗಳ ಮಾತಂತೂ ಸರಿಯೇ ಅಲ್ಲ. ಬೆಳಕು ಹಿಡಿದವನ, ಬಟ್ಟೆ ಹೊಲಿದವನ ಹೆಸರು ನೋಡುಗರಿಗೆ ಕಾಣುವುದು ಆ ಎರಡು ನಿಮಿಷದಲ್ಲಿ ಮಾತ್ರ. ಪಾಪನಾಶಿನಿಯಲ್ಲಿ ಬಲಿ ಇಡುವವರು ಹೊತ್ತಾಯಿತೆಂದು ಅಜ್ಜನ ಹೆಸರು ಬಿಡುತ್ತಾರೆಯೇ?

ಇನ್ನು ಕಾನೂನು. ಮಾಷ್ಟ್ರೊಬ್ಬರು ಅದನ್ನು ಎತ್ತಿದ್ದು ಒಳ್ಳೆಯದೇ ಆಯಿತು. 1957ರ ಕಾಪಿರೈಟ್ ಕಾಯ್ದೆಯಲ್ಲಿ ಸ್ವಂತ ಬಳಕೆಗೆ ಒಂದು ಮಿತಿಯ ಅವಕಾಶವಿದೆ. ಹಕ್ಕನ್ನು ಕಸಿಯುವ ಉದ್ದೇಶದಿಂದ ಡಿಸ್ಕಿನ ಬೀಗ ಮುರಿದರೆ ಶಿಕ್ಷೆ ಎಂಬ ಕಲಮು 2012ರಲ್ಲಿ ಸೇರಿತು. ಚಿತ್ರದ ಹಕ್ಕು ಬಿಡುಗಡೆಯಾದ ವರ್ಷ ಮುಗಿದ ಮೇಲೆ 60 ವರ್ಷ. 1954ರ ‘ಬೇಡರ ಕಣ್ಣಪ್ಪ’ದ ಅವಧಿ 2014ಕ್ಕೇ ಮುಗಿಯಿತು. ಹಕ್ಕು ಇರುವ ಚಿತ್ರದ ವಿಷಯದಲ್ಲಿ ವಾಯನಶಾಲೆಯನ್ನು ಒಬ್ಬ ಮನುಷ್ಯನ ಮನೆ ಎನ್ನಲಾಗುವುದಿಲ್ಲ, ಇದನ್ನು ನಾನೂ ಒಪ್ಪುತ್ತೇನೆ. ಅಂಥದ್ದಕ್ಕೆ ಹಕ್ಕುದಾರರಿಗೆ ಒಂದು ಕಾಗದ ಬರೆದು ಕೇಳುವುದೇ ದಾರಿ. ಉಳಿಸುವುದು ಒಳ್ಳೆಯ ಕೆಲಸ ಎಂದು ಕೇಳದೆ ತೆಗೆದುಕೊಂಡರೆ, ಆಮೇಲೆ ಜಾತ್ರೆಯಲ್ಲಿ ಮೂವತ್ತು ರೂಪಾಯಿಗೆ ಮಾರುವವನೂ ಅದೇ ಮಾತು ಹೇಳುತ್ತಾನೆ.

ಹಾಗಾದರೆ ಪ್ರತಿ ಮಾಡುವುದು ಹೇಗೆ? ಎರಡು ಡಿಸ್ಕು. ಕತ್ತರಿಸುವುದಕ್ಕೆ ನಮ್ಮ ಚಿತ್ರಗಳಲ್ಲಿ ದೇವರೇ ಕೊಟ್ಟ ಜಾಗವಿದೆ, ಇಂಟರ್ವಲ್. ವಿಸಿಡಿ ಕಾಲದಲ್ಲಿ ಒಂದು ಚಿತ್ರಕ್ಕೆ ಮೂರು ಡಿಸ್ಕು ಬದಲಾಯಿಸಿದವರು ನಾವು, ಎರಡಕ್ಕೆ ಯಾಕೆ ಬೇಸರ? ಮೆನು, ಜಾಹೀರಾತು ಬೇಕಾದರೆ ಹೋಗಲಿ, ಅವು ಚಿತ್ರವಲ್ಲ. ನಿಧಾನದ ವೇಗದಲ್ಲಿ ಬರೆಯಬೇಕು. ಬರೆದ ಮೇಲೆ ಒಬ್ಬರು ಕೂತು ಕೊನೆಯ ತನಕ ನೋಡಬೇಕು, ಸ್ಮಶಾನದ ಭಾಗ ಮುಖ್ಯವಾಗಿ. ಬರೆಯುವ ಡಿಸ್ಕಿನಲ್ಲಿರುವುದು ಬಣ್ಣದ ಒಂದು ಪದರ, ಬಿಸಿಲಿಗೆ ಮಾಸುತ್ತದೆ. ಕಿಟಕಿಯ ಹತ್ತಿರ ಇಡಬಾರದು, ಚೀಟಿ ಅಂಟಿಸಬಾರದು. ಒಂದು ಸೆಟ್ ಇಲ್ಲಿ, ಇನ್ನೊಂದು ಬೇರೆ ಊರಿನಲ್ಲಿ. ಅತ್ತಿಮಬ್ಬೆಯ ಸಾವಿರ ನಮ್ಮಿಂದಾಗದು, ಎರಡಾದರೂ ಆಗಲಿ.

ಓಲೆಗರಿಯ ಲಿಪಿಕಾರರು ಕೊನೆಗೆ ‘ಕಂಡಂತೆ ಬರೆದಿದ್ದೇನೆ’ ಎಂಬರ್ಥದ ಮಾತು ಸೇರಿಸುತ್ತಿದ್ದರು. ಅದೇ ರೀತಿ ‘ಬೇಡರ ಕಣ್ಣಪ್ಪ’ದ ಪೆಟ್ಟಿಗೆಯೊಳಗೆ ಹುಡುಗನ ಕೈಬರಹದ ಒಂದು ಚೀಟಿ ಈಗ ಇದೆ: ಡಿಸ್ಕು ಎರಡು, ಇಂಟರ್ವಲ್‌ನಲ್ಲಿ ಭಾಗ ಮಾಡಿದೆ, ಹೆಸರು ಹಾಡು ಎಲ್ಲ ಇವೆ, ಎರಡನೆಯದರಲ್ಲಿ ಒಂದು ಕಡೆ ಚಿತ್ರ ಸ್ವಲ್ಪ ನಿಲ್ಲುತ್ತದೆ, ಮೂಲದಲ್ಲೇ ಗೀರು ಇತ್ತು. ಹರಿಶ್ಚಂದ್ರದ ಕಾಗದಕ್ಕೆ ಉತ್ತರ ಇನ್ನೂ ಬಂದಿಲ್ಲ. ಮೂಲ ಡಿಸ್ಕನ್ನು ಸದ್ಯಕ್ಕೆ ಅಕ್ಕಿ ಗಂಟಿನ ಜೊತೆ ಡಬ್ಬಿಯಲ್ಲಿ ಇಟ್ಟಿದ್ದೇವೆ.