ಇಂದಿನ ಚಿಂತನೆ: ಗಗ್ಗ ಭಿಕ್ಖು



ಮೊನ್ನೆ ದೊಡ್ಡಬಳ್ಳಾಪುರದಲ್ಲಿ ಸಭೆ ಮುಗಿದ ಮೇಲೆ ತಾಯಿಯೊಬ್ಬರು ಕೇಳಿದರು: "ಮೇಷ್ಟ್ರೇ, ಮಗ ಈಗ ಧ್ಯಾನಕ್ಕೆ ಕೂರ್ತಾವ್ನೆ. ನಿಮ್ಹಾನ್ಸ್ ಮಾತ್ರೆ ನಿಲ್ಲಿಸ್ಬೋದಾ?" ಬೇಡಮ್ಮ, ಡಾಕ್ಟರನ್ನು ಕೇಳದೆ ಒಂದನ್ನೂ ಬಿಡಿಸಬೇಡಿ ಅಂದೆ. ದೆವ್ವ ಬಿಡಿಸುವವರನ್ನು ಬಿಟ್ಟು ಬಂದ ನಾವು ಧ್ಯಾನವನ್ನೇ ತಾಯಿತ ಮಾಡಿಕೊಂಡರೆ ಹೇಗೆ? ಗೋಯೆಂಕಾ ಪರಂಪರೆಯ ವಿಪಸ್ಸನ ಕೇಂದ್ರಗಳೇ ತೀವ್ರ ಮನೋರೋಗ ಇರುವವರಿಗೆ ಶಿಬಿರ ಬೇಡವೆನ್ನುತ್ತವೆ.

ವಿನಯಪಿಟಕದಲ್ಲಿ ಗಗ್ಗ ಎಂಬ ಭಿಕ್ಖು ಬರುತ್ತಾನೆ. ಬುದ್ಧಿ ಸ್ಥಿಮಿತದಲ್ಲಿರಲಿಲ್ಲ, ಉಪೋಸಥಕ್ಕೆ ಒಮ್ಮೆ ಬರುತ್ತಿದ್ದ, ಒಮ್ಮೆ ಮರೆಯುತ್ತಿದ್ದ. ಬುದ್ಧರು ಅವನನ್ನು ಹೊರಹಾಕಲಿಲ್ಲ. ಅವನು ಬರಲಿ ಬಿಡಲಿ, ಉಪೋಸಥಕ್ಕೆ ಭಂಗವಿಲ್ಲವೆಂದು ಸಂಘದಿಂದಲೇ ಒಪ್ಪಿಗೆ ಕೊಡಿಸಿದರು. ಅದೇ ಪಿಟಕದಲ್ಲಿ ಔಷಧಗಳಿಗೆಂದೇ ಒಂದು ಅಧ್ಯಾಯವೂ ಇದೆ.

ರಾತ್ರಿ ಕಷ್ಟವಾದರೆ ಟೆಲಿ ಮನಸ್ 14416, ಕನ್ನಡದಲ್ಲೇ ಮಾತಾಡಬಹುದು.

ತಾಯಿಯ ಒಪ್ಪಿಗೆ ಪಡೆದೇ ಬರೆದಿದ್ದೇನೆ. ಹುಡುಗ ಭಾನುವಾರ ಬರುತ್ತಾನೆ. ನಡುವೆ ಎದ್ದು ಹೋದರೆ ಯಾರೂ ತಿರುಗಿ ನೋಡಬೇಡಿ.