ವೇಗ ಯಾರ ಗುಣ?

1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಬಾಬ್ ಹೇಯ್ಸ್ ಒಂದು ಕಾಲಿಗೆ ಜೊತೆಗಾರನಿಂದ ಕೇಳಿ ಪಡೆದ ಶೂ ಹಾಕಿಕೊಂಡು, ಸಿಂಡರ್ ಟ್ರ್ಯಾಕಿನ ಒಂದನೇ ಲೇನಿನಲ್ಲಿ ಓಡಿ 100 ಮೀಟರ್ ಚಿನ್ನ ಗೆದ್ದರು. ನಾಲ್ಕು ವರ್ಷದ ನಂತರ ಮೆಕ್ಸಿಕೊ ಸಿಟಿಯಲ್ಲಿ ಜಿಮ್ ಹೈನ್ಸ್ ಅದೇ ಓಟವನ್ನು 9.95 ಸೆಕೆಂಡಿಗೆ ಮುಗಿಸಿದರು. ಆ ದಾಖಲೆಯನ್ನು ಮುರಿಯಲು ಜಗತ್ತಿಗೆ 1983ರವರೆಗೆ ಬೇಕಾಯಿತು. ಇಬ್ಬರನ್ನೂ ಅಮೆರಿಕನ್ ಫುಟ್‌ಬಾಲಿನ ವೃತ್ತಿಪರ ತಂಡಗಳು ಕರೆದುಕೊಂಡವು. ಇಬ್ಬರಿಗೂ ಒಪ್ಪಿಸಿದ ಕೆಲಸ ಒಂದೇ, ಓಡಿಹೋಗಿ ಚೆಂಡು ಹಿಡಿಯುವುದು. ಡಲ್ಲಾಸ್ ಕೌಬಾಯ್ಸ್ ಸೇರಿದ ಮೊದಲ ವರ್ಷವೇ ಹೇಯ್ಸ್ 46 ಪಾಸ್ ಹಿಡಿದು 1,003 ಗಜ ಗಳಿಸಿದರು, ಎದುರಾಳಿಯ ಕೊನೆಗೆರೆ ದಾಟಿ 12 ಟಚ್‌ಡೌನ್ ಮಾಡಿದರು. ಹೈನ್ಸ್ ಮಯಾಮಿ ಡಾಲ್ಫಿನ್ಸ್, ಕಾನ್ಸಾಸ್ ಸಿಟಿ ಚೀಫ್ಸ್ ಎರಡೂ ಕಡೆ ಆಡಿ, ಒಟ್ಟಾರೆ ಹಿಡಿದದ್ದು ಎರಡೇ ಪಾಸ್, ಗಳಿಸಿದ್ದು 23 ಗಜ. ಇದೊಂದು ಕ್ರೀಡಾಪುಟದ ಕುತೂಹಲ ಎಂದು ಪಕ್ಕಕ್ಕಿಡಬಹುದು. ಆದರೆ ಇದರೊಳಗೆ ನಮ್ಮ ದರ್ಶನಕಾರರು ಶತಮಾನಗಳ ಕಾಲ ಜಗಳವಾಡಿದ ಪ್ರಶ್ನೆಯೊಂದು ಕೂತಿದೆ. ಶಕ್ತಿ ಎಂಬುದು ಒಬ್ಬನೊಳಗೆ ಇರುವ ವಸ್ತುವೇ? ಅವನು ಹೋದಲ್ಲೆಲ್ಲ ಅದೂ ಹೋಗುತ್ತದೆಯೇ?

ಮೊದಲು ಆ ಕೆಲಸ ಎಂಥದ್ದೆಂದು ನೋಡಬೇಕು. ಇಲ್ಲಿ ಫುಟ್‌ಬಾಲ್ ಎಂದರೆ ನಮಗೆ ಪರಿಚಯವಿರುವ ಕಾಲ್ಚೆಂಡಾಟವಲ್ಲ, ಹೆಲ್ಮೆಟ್ ಹಾಕಿ ಭುಜಕ್ಕೆ ಪ್ಯಾಡ್ ಕಟ್ಟಿಕೊಂಡು ಆಡುವ ಅಮೆರಿಕನ್ನರ ಆಟ. ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುತ್ತಾನೆ, ಆ ಎಸೆತವೇ ಪಾಸ್. ಮೊದಲೇ ಗೊತ್ತುಮಾಡಿಕೊಂಡ ದಾರಿಯಲ್ಲಿ ಓಡಿ ರಿಸೀವರ್ ಅದನ್ನು ಹಿಡಿಯುತ್ತಾನೆ. ಹನ್ನೆರಡು ಗಜ ನೇರ ಓಡಿ ಗಕ್ಕನೆ ಬದಿಗೆ ತಿರುಗುವ ಒಂದು ದಾರಿಯನ್ನೇ ತೆಗೆದುಕೊಳ್ಳಿ. ಶುರುವಿನಲ್ಲೇ ಎದುರಾಳಿ ಎದೆಗೆ ಕೈಕೊಟ್ಟು ತಳ್ಳುತ್ತಾನೆ; ಮೊದಲ ಐದು ಗಜದೊಳಗೆ ಹಾಗೆ ತಳ್ಳಲು ನಿಯಮದ ಒಪ್ಪಿಗೆಯೇ ಇದೆ. ಆ ಕೈಯನ್ನು ತಪ್ಪಿಸಿಕೊಂಡು, ದೂರಕ್ಕೆ ಓಡುತ್ತೇನೆಂದು ಅವನನ್ನು ನಂಬಿಸಿ, ಹನ್ನೆರಡನೇ ಗಜದಲ್ಲಿ ಸೊಂಟ ತಗ್ಗಿಸಿ, ಮೈಯ ಓಘವನ್ನೆಲ್ಲ ಒಂದು ಪಾದದ ಮೇಲೆ ತಡೆದು ತಿರುಗಬೇಕು. ತಿರುಗುವಷ್ಟರಲ್ಲಿ ಚೆಂಡು ಆಗಲೇ ಗಾಳಿಯಲ್ಲಿರುತ್ತದೆ. ಒಂದು ಗೇಣಿಗಿಂತ ಉದ್ದದ, ಎರಡೂ ತುದಿ ಚೂಪಾದ, ಸುತ್ತುತ್ತ ಬರುವ ಚೆಂಡು ಅದು. ಸ್ಪ್ರಿಂಟರ್ ಕೈ ಬೀಸಿದಷ್ಟೂ ವೇಗ ಬರುತ್ತದೆ. ಹಿಡಿಯುವವನು ಬೀಸುವುದನ್ನು ಬಿಟ್ಟು ಕೈ ಚಾಚಬೇಕು. ಸ್ಪ್ರಿಂಟರ್‌ನ ಕಣ್ಣು ಮುಂದಿನ ಗೆರೆಯ ಮೇಲಿರುತ್ತದೆ, ಇವನ ಕಣ್ಣು ಭುಜದ ಹಿಂದಕ್ಕೆ. ಗೆರೆ ದಾಟುವವರೆಗೆ ಸ್ಪ್ರಿಂಟರ್‌ಗೆ ನಿಲ್ಲುವ ಅಗತ್ಯವೇ ಬೀಳುವುದಿಲ್ಲ. ರಿಸೀವರ್‌ಗೆ ನಿಲ್ಲುವುದೇ ಅರ್ಧ ವಿದ್ಯೆ.

ಈಗ ದರ್ಶನಕಾರರ ಜಗಳಕ್ಕೆ ಬರೋಣ. ಬೆಂಕಿ ಸುಡುತ್ತದೆ. ಆದರೆ ಒಂದು ಬಗೆಯ ಮಣಿಯನ್ನು ಹತ್ತಿರ ಇಟ್ಟರೆ ಬೆಂಕಿ ಸುಡುವುದಿಲ್ಲವೆಂದು ಆ ಕಾಲದವರು ನಂಬಿದ್ದರು, ಅದನ್ನೇ ವಾದಕ್ಕೆ ಉದಾಹರಣೆಯಾಗಿ ಇಟ್ಟುಕೊಂಡಿದ್ದರು. ಬೆಂಕಿ ಹಾಗೆಯೇ ಇದೆ, ಸುಡುವಿಕೆ ಇಲ್ಲ. ಆದ್ದರಿಂದ ಕಣ್ಣಿಗೆ ಕಾಣುವ ಬೆಂಕಿಗಿಂತ ಬೇರೆಯಾದ, ಕಾಣದ ಶಕ್ತಿಯೊಂದು ಅದರೊಳಗಿದೆ, ಮಣಿ ಕೆಡಿಸಿದ್ದು ಆ ಶಕ್ತಿಯನ್ನು ಎಂದರು ಮೀಮಾಂಸಕರು. ನೈಯಾಯಿಕರು ಒಪ್ಪಲಿಲ್ಲ. ಶಕ್ತಿ ಎಂಬ ಬೇರೆ ಪದಾರ್ಥ ಬೇಕಿಲ್ಲ. ಬೆಂಕಿ, ಸೌದೆ, ಅವೆರಡರ ಕೂಡುವಿಕೆ, ಜೊತೆಗೆ ಅಡ್ಡಿ ಇಲ್ಲದಿರುವುದು, ಇವೆಲ್ಲ ಸೇರಿ ಕಾರಣಸಾಮಗ್ರಿ ಆಗುತ್ತದೆ, ಸಾಮಗ್ರಿ ಪೂರ್ತಿಯಾದಾಗ ಕಾರ್ಯ ನಡೆಯುತ್ತದೆ ಎಂದರು. ಪ್ರತಿಬಂಧಕ ಇಲ್ಲದಿರುವುದನ್ನೂ ಕಾರಣಗಳ ಪಟ್ಟಿಗೆ ಸೇರಿಸಿದ್ದು ಅವರ ದೊಡ್ಡ ಸೂಕ್ಷ್ಮ. ಈ ವಾದದಲ್ಲಿ ನಾನು ನೈಯಾಯಿಕರ ಕಡೆ. 100 ಮೀಟರ್ ಓಟದ ಟ್ರ್ಯಾಕನ್ನೊಮ್ಮೆ ನೆನೆಯಿರಿ. ಒಬ್ಬೊಬ್ಬರಿಗೂ ಒಂದೊಂದು ಲೇನು, ಯಾರೂ ಯಾರನ್ನೂ ಮುಟ್ಟುವಂತಿಲ್ಲ, ದಾರಿ ನೇರ, ನೆಲ ಸಪಾಟು. ಪ್ರತಿಬಂಧಕಗಳನ್ನೆಲ್ಲ ಗುಡಿಸಿ ತೆಗೆದ ಜಾಗ ಅದು. ಅಲ್ಲಿ ಕಂಡ ವೇಗವನ್ನು ಓಟಗಾರನೊಬ್ಬನ ಖಾತೆಗೇ ಜಮಾ ಮಾಡಿಕೊಂಡು, ಅಡ್ಡಿ ಒಡ್ಡುವುದಕ್ಕೆಂದೇ ಹನ್ನೊಂದು ಜನ ಸಂಬಳ ಪಡೆದು ನಿಂತಿರುವ ಮೈದಾನಕ್ಕೆ ಅವನನ್ನು ಕರೆತಂದಾಗ, ತಂಡದವರು ಎಣಿಸದೆ ಬಿಟ್ಟದ್ದು ಆ ಗುಡಿಸಿದ ನೆಲವನ್ನೇ.

ವೈಶೇಷಿಕರು ಇನ್ನೂ ಹತ್ತಿರದ ಮಾತು ಹೇಳಿದ್ದಾರೆ. ಅವರ ಗುಣಗಳ ಪಟ್ಟಿಯಲ್ಲಿ ಸಂಸ್ಕಾರ ಎಂಬುದೊಂದಿದೆ. ಅದರಲ್ಲಿ ಮೂರು ಬಗೆ: ವೇಗ, ಭಾವನೆ, ಸ್ಥಿತಿಸ್ಥಾಪಕ. ಇಲ್ಲಿ ಭಾವನೆ ಎಂದರೆ ಇಂದು ನಾವು ಬಳಸುವ ಅರ್ಥವಲ್ಲ. ಅನುಭವ ಮನುಷ್ಯನಲ್ಲಿ ಬಿಟ್ಟುಹೋಗುವ, ಮುಂದೆ ನೆನಪಾಗಿ ಏಳುವ ಅಚ್ಚು. ಬಗ್ಗಿಸಿ ಬಿಟ್ಟ ಕೊಂಬೆ ಮತ್ತೆ ತನ್ನ ಸ್ಥಿತಿಗೆ ಬರುವುದು ಸ್ಥಿತಿಸ್ಥಾಪಕದಿಂದ. ಇನ್ನು ವೇಗವನ್ನು ಪ್ರಶಸ್ತಪಾದರು ವಿವರಿಸುವ ಬಗೆ ನೋಡಿ: ಅದು ಗೊತ್ತಾದ ಒಂದೇ ದಿಕ್ಕಿಗೆ ಚಲನೆಯ ಸಾಲನ್ನು ಉಂಟುಮಾಡುತ್ತದೆ, ಮುಟ್ಟಲು ಸಿಗುವ ವಸ್ತು ತಾಗಿದರೆ ಕೆಡುತ್ತದೆ. ಅವರ ಕಣ್ಣೆದುರು ಇದ್ದದ್ದು ಬಾಣದಂಥ ವಸ್ತು, ಓಟಗಾರನಲ್ಲ. ಆದರೂ ಟ್ರ್ಯಾಕಿನ ವೇಗಕ್ಕೂ ಮೈದಾನದ ವೇಗಕ್ಕೂ ಇರುವ ಅಂತರವನ್ನು ಇದಕ್ಕಿಂತ ನಿಖರವಾಗಿ ಹೇಳುವುದು ಕಷ್ಟ. ಒಂದೇ ದಿಕ್ಕು ಎಂಬುದನ್ನು ರಿಸೀವರ್ ದಾರಿಯ ತಿರುವು ತೆಗೆಯುತ್ತದೆ, ತಾಗದಿರುವುದು ಎಂಬುದನ್ನು ಎದುರಾಳಿಯ ಕೈ ತೆಗೆಯುತ್ತದೆ. ಆಗ ಕೈಹಿಡಿಯುವುದು ಭಾವನೆ: ಸಾವಿರ ಸಲ ತಿರುಗಿ, ಸಾವಿರ ಸಲ ಚೆಂಡು ಕೈಗೆ ತಾಗಿ ಉಳಿದ ಅಚ್ಚು. ವೇಗವೂ ಸಂಸ್ಕಾರ, ಇದೂ ಸಂಸ್ಕಾರ. ಒಂದಿದ್ದ ಮಾತ್ರಕ್ಕೆ ಇನ್ನೊಂದು ಬಂದುಬಿಡುವುದಿಲ್ಲ.

ದಾಖಲೆಗಳೂ ಈ ಕಡೆಗೇ ವಾಲುತ್ತವೆ. 1968ರಲ್ಲಿ 200 ಮೀಟರನ್ನು 19.83 ಸೆಕೆಂಡಿಗೆ ಓಡಿದ ಟಾಮಿ ಸ್ಮಿತ್ ಸಿನ್ಸಿನಾಟಿ ಬೆಂಗಾಲ್ಸ್ ಪರ ಹಿಡಿದದ್ದು ಒಂದೇ ಪಾಸ್. 110 ಮೀಟರ್ ಹರ್ಡಲ್ಸ್‌ನಲ್ಲಿ 13 ಸೆಕೆಂಡಿನ ಒಳಗೆ ಓಡಿದ ಮೊದಲ ಮನುಷ್ಯ ರೆನಾಲ್ಡೊ ನೆಹೆಮಯಾ ಕಾಲೇಜು ಫುಟ್‌ಬಾಲ್ ಆಡದೆಯೇ 1982ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತಂಡ ಸೇರಿ, ಮೂರು ಋತುಗಳಲ್ಲಿ 43 ಪಾಸ್ ಹಿಡಿದು ಮತ್ತೆ ಹರ್ಡಲ್ಸ್‌ಗೆ ಮರಳಿದರು. ವಿಲ್ಲಿ ಗಾಲ್ಟ್ ಕತೆ ಬೇರೆ. 1983ರ ಹೆಲ್ಸಿಂಕಿ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ರಿಲೇ ಚಿನ್ನ ಗೆದ್ದ ತಂಡದಲ್ಲಿದ್ದ ಅವರು ಹನ್ನೊಂದು ವರ್ಷ ವೃತ್ತಿಪರ ಆಟಗಾರರಾಗಿ ಉಳಿದರು, ಷಿಕಾಗೊ ಬೇರ್ಸ್ ಜೊತೆ ಋತುವಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದರು. ಗಾಲ್ಟ್ ಟೆನೆಸಿ ವಿಶ್ವವಿದ್ಯಾಲಯದಲ್ಲಿ ಟ್ರ್ಯಾಕಿನ ಜೊತೆಗೆ ಫುಟ್‌ಬಾಲನ್ನೂ ಆಡಿ ಬಂದವರು. ಹೇಯ್ಸ್ ಕೂಡ ಹಾಗೆಯೇ, ಫ್ಲೋರಿಡಾ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ಜೇಕ್ ಗೈದರ್ ಎಂಬ ಕೋಚ್ ಕೈಕೆಳಗೆ ಪಳಗಿದ ಹಾಫ್‌ಬ್ಯಾಕ್. ಅವರನ್ನು ಓಟಗಾರನೊಬ್ಬ ಫುಟ್‌ಬಾಲಿಗೆ ಬಂದ ಉದಾಹರಣೆಯಾಗಿ ಎಣಿಸುವುದೇ ತಪ್ಪು. ಜಗತ್ತಿನ ಎಲ್ಲರಿಗಿಂತ ಜೋರಾಗಿ ಓಡಬಲ್ಲ ಫುಟ್‌ಬಾಲ್ ಆಟಗಾರ ಅವರು.

ಇದಕ್ಕೆ ತಂಡಗಳವರು ಹೇಳುವ ಉತ್ತರವೊಂದಿದೆ, ಅದು ಹಗುರವಾದ ಉತ್ತರವಲ್ಲ. ಹಿಡಿಯುವುದನ್ನು, ತಿರುಗುವುದನ್ನು ಕಲಿಸಬಹುದು, ವೇಗವನ್ನು ಕಲಿಸಲಾಗದು. ಆದ್ದರಿಂದ ವೇಗ ಇರುವವನನ್ನು ಮೊದಲು ತಂದುಕೊಂಡು ಉಳಿದದ್ದನ್ನು ಆಮೇಲೆ ಕಲಿಸುವುದೇ ಜಾಣತನ ಎಂಬುದು ಅವರ ಲೆಕ್ಕ. ಮೊದಲರ್ಧವನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಕಲಿಸಬಹುದಾದದ್ದು ಎಂದರೆ ಬೇಗ ಕಲಿಸಬಹುದಾದದ್ದು ಎಂದಾಗುವುದಿಲ್ಲ. ವೇದಪಾಠವನ್ನೂ ಕಲಿಸಬಹುದು, ಸ್ವರವನ್ನೂ ಕಲಿಸಬಹುದು. ಇಪ್ಪತ್ತೆರಡು ದಾಟಿದವನಿಗೆ ಎರಡು ಬೇಸಿಗೆಯಲ್ಲಿ ಕಲಿಸುತ್ತೇನೆ ಎಂದರೆ ಯಾರು ನಂಬುತ್ತಾರೆ? ಭಾವನೆಯ ಅಚ್ಚು ಬೀಳುವುದು ಆವೃತ್ತಿಯಿಂದ, ಆವೃತ್ತಿಗೆ ವರ್ಷಗಳು ಬೇಕು, ಆ ವರ್ಷಗಳನ್ನು ಓಟಗಾರ ಟ್ರ್ಯಾಕಿಗೆ ಕೊಟ್ಟುಬಿಟ್ಟಿರುತ್ತಾನೆ. ಅಷ್ಟೇ ಅಲ್ಲ, ಅಲ್ಲಿ ಬಿದ್ದ ಅಚ್ಚು ಇಲ್ಲಿ ಎದುರು ನಿಲ್ಲುತ್ತದೆ. ಮೈ ನೆಟ್ಟಗೆ, ಮಂಡಿ ಮೇಲೆ, ಪಾದ ನೆಲ ಮುಟ್ಟಿದ್ದೇ ತಡ ಮೇಲೇಳಬೇಕು ಎಂದು ಹತ್ತು ವರ್ಷ ಕಲಿತ ದೇಹಕ್ಕೆ, ತಗ್ಗು, ಪಾದ ಊರು, ತಡೆ ಎಂದು ಹೇಳುವುದು ಹೊಸ ಪಾಠ ಮಾತ್ರವಲ್ಲ, ಹಳೆಯದನ್ನು ಅಳಿಸುವ ಕೆಲಸವೂ ಹೌದು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಚೆಂಡು ಹಿಡಿಯದಿದ್ದರೂ ವೇಗ ಕೆಲಸ ಮಾಡುತ್ತದೆ. ವೇಗಿಯೊಬ್ಬ ಮೈದಾನದಲ್ಲಿದ್ದರೆ ಸಾಕು, ಎದುರಾಳಿಗಳು ಹೆದರಿ ಹಿಂದೆ ಸರಿಯುತ್ತಾರೆ, ಉಳಿದವರಿಗೆ ಜಾಗ ಸಿಗುತ್ತದೆ. ಇದು ನಿಜ. ಹೇಯ್ಸ್ ಅವರನ್ನು ಒಬ್ಬನೇ ಕಾಯಲಾಗದೆ ತಂಡಗಳು ಒಬ್ಬೊಬ್ಬನಿಗೆ ಒಂದೊಂದು ಜಾಗ ಹಂಚುವ ಜೋನ್ ರಕ್ಷಣೆಯತ್ತ ಹೆಚ್ಚು ಹೆಚ್ಚು ವಾಲಿದವು ಎಂದು ಆ ಆಟದ ಇತಿಹಾಸ ಬರೆದವರು ಹೇಳುತ್ತಾರೆ. ಆದರೆ ಅದೇ ಹೇಯ್ಸ್ ಅವರ ಒಂದು ಪಂದ್ಯವನ್ನೂ ನೋಡಬೇಕು. 1967ರ ಡಿಸೆಂಬರ್ 31, ಗ್ರೀನ್ ಬೇಯಲ್ಲಿ ಮೈನಸ್ 25 ಡಿಗ್ರಿ ಚಳಿ. ಪಾಸ್ ತನಗೆ ಬರುವುದಿಲ್ಲ ಎಂದು ಗೊತ್ತಿದ್ದಾಗಲೆಲ್ಲ ಹೇಯ್ಸ್ ಕೈಗಳನ್ನು ಪ್ಯಾಂಟಿನೊಳಗೆ ಬೆಚ್ಚಗಿಟ್ಟುಕೊಳ್ಳುತ್ತಿದ್ದರಂತೆ. ಎದುರಾಳಿಗಳು ಅದನ್ನು ಗಮನಿಸಿ ಆಗೆಲ್ಲ ಅವರ ಚಿಂತೆ ಬಿಟ್ಟರಂತೆ. ಕಾಲು ಅದೇ, ವೇಗ ಅದೇ. ಕೈ ಕಾಣದಾದ ಕೂಡಲೇ ಹೆದರಿಕೆ ಹೊರಟುಹೋಯಿತು. ಜನ ಹೆದರುತ್ತಿದ್ದದ್ದು ಓಡಬಲ್ಲವನು ಹಿಡಿಯಲೂ ಬಲ್ಲ ಎಂಬ ಕೂಡುವಿಕೆಗೆ. ನೈಯಾಯಿಕರು ಸಾಮಗ್ರಿ ಎಂದದ್ದು ಇದನ್ನೇ.

ಮೀಮಾಂಸಕರ ಪರವಾಗಿ ಒಬ್ಬರು ಹೀಗೂ ಕೇಳಬಹುದು: ಹೈನ್ಸ್ ಒಳಗೆ ಶಕ್ತಿ ಇದ್ದೇ ಇತ್ತು, ಸಂದರ್ಭ ಅದನ್ನು ಅದುಮಿತು ಎನ್ನಬಾರದೇಕೆ? ಟಾಮಿ ಸ್ಮಿತ್ ವಿಷಯದಲ್ಲಿ ಇದಕ್ಕೆ ತೂಕವಿದೆ. ಮೆಕ್ಸಿಕೊದ ವಿಜಯವೇದಿಕೆಯಲ್ಲಿ ಕರಿಯರ ಹಕ್ಕಿಗಾಗಿ ಮುಷ್ಟಿ ಎತ್ತಿದ ಮೇಲೆ ಅವರಿಗೆ ದೇಶದಲ್ಲಿ ಎದುರಾದದ್ದು ಹಗೆ, ಬೆದರಿಕೆ. ಅವರ ಒಂದು ಪಾಸನ್ನು ವೇಗದ ಸೋಲು ಎಂದಷ್ಟೇ ಓದುವುದು ಅನ್ಯಾಯ. ಇಂಥ ಹೆಸರುಗಳು ಕೆಲವೇ ಇವೆ ಎಂಬುದೂ ನಿಜ, ಇದರಿಂದ ನಿಯಮ ಕಟ್ಟಲಾಗದು. ಆದರೂ ಯಾವ ಕೆಲಸದಲ್ಲೂ ಕಾಣಿಸಿಕೊಳ್ಳದ ಶಕ್ತಿಯನ್ನು ಒಳಗಿದೆ ಎಂದು ನಂಬಲು ಆಧಾರವೇನು? ಕಾರ್ಯದಿಂದಲೇ ಅಲ್ಲವೇ ಶಕ್ತಿಯನ್ನು ಊಹಿಸುವುದು?

ನಮ್ಮ ಕರಾವಳಿಯಲ್ಲಿ ಇದೇ ಪ್ರಶ್ನೆ ತಿರುಗುಮುರುಗಾಗಿ ಎದ್ದಿತ್ತು. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿಗೆ ಓಡಿದರು. ಅದನ್ನು ಭಾಗಿಸಿ 100 ಮೀಟರಿಗೆ 9.55 ಎಂದು ಲೆಕ್ಕ ತೆಗೆದು, ಉಸೇನ್ ಬೋಲ್ಟ್‌ಗಿಂತ ಮೇಲು ಎಂದು ದೇಶವೇ ಸಂಭ್ರಮಿಸಿತು. ಕ್ರೀಡಾ ಪ್ರಾಧಿಕಾರದ ಟ್ರಯಲ್ಸ್‌ಗೆ ಕೇಂದ್ರ ಸಚಿವರಿಂದ ಕರೆಯೂ ಬಂತು. ಗೌಡರು ಹೋಗಲಿಲ್ಲ. ಕಂಬಳದ ಓಟವೇ ಬೇರೆ, ಟ್ರ್ಯಾಕಿನ ಓಟವೇ ಬೇರೆ ಎಂಬುದು ಅವರ ಮಾತಾಗಿತ್ತು. ಕೆಸರು, ಕೋಣಗಳ ಜೋಡಿ, ಹಗ್ಗದ ಸೆಳೆತ, ಆ ಗದ್ದೆಗೆ ಪಳಗಿದ ಪಾದ, ಇಷ್ಟೂ ಸೇರಿ ಆದ ವೇಗ ಅದು. ಅದರಲ್ಲಿ ತನ್ನ ಪಾಲು ಎಷ್ಟು, ಕೋಣಗಳದ್ದೆಷ್ಟು ಎಂದು ಓಡಿದವರಿಗೆ ತಿಳಿದಿತ್ತು. ಸ್ಟಾಪ್‌ವಾಚ್ ಹಿಡಿದು ಭಾಗಾಕಾರ ಮಾಡಿದವರಿಗೆ ತಿಳಿಯಲಿಲ್ಲ. ಆ ನಿರಾಕರಣೆಯಲ್ಲಿ ನನಗೆ ಕಾಣುವುದು ಅಂಜಿಕೆಯಲ್ಲ, ತಿಳಿವಳಿಕೆ.

ಅಮೆರಿಕದ ತಂಡಗಳು ಇನ್ನೂ ಗಡಿಯಾರವನ್ನೇ ಹೆಚ್ಚು ನಂಬುತ್ತವೆ. 2017ರ ಆಯ್ಕೆ ಪರೀಕ್ಷೆಯಲ್ಲಿ ಜಾನ್ ರಾಸ್ 40 ಗಜವನ್ನು 4.22 ಸೆಕೆಂಡಿಗೆ ಓಡಿ ಆವರೆಗಿನ ದಾಖಲೆ ಮುರಿದರು. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವಾಗ ಸಿನ್ಸಿನಾಟಿ ಬೆಂಗಾಲ್ಸ್ ಅವರನ್ನು ಒಂಬತ್ತನೆಯವರಾಗಿ ಆರಿಸಿತು. ಅದೇ ಪರೀಕ್ಷೆಯಲ್ಲಿ 4.62 ತೆಗೆದುಕೊಂಡ ಕೂಪರ್ ಕಪ್ ಅವರ ಹೆಸರು ಬಂದದ್ದು 69ನೆಯದಾಗಿ, ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡಕ್ಕೆ. ರಾಸ್ ಅವರನ್ನು ಗಾಯಗಳೂ ಕಾಡಿದವು, ಅದನ್ನು ಮರೆಯಬಾರದು. ನಾಲ್ಕು ವರ್ಷದಲ್ಲಿ 51 ಪಾಸ್ ಹಿಡಿದು ಅವರು ಆ ತಂಡ ಬಿಟ್ಟರು. ಕಪ್ 2021ರ ಒಂದೇ ಋತುವಿನಲ್ಲಿ 145 ಹಿಡಿದರು. ಆ ಋತುವಿನ ಸೂಪರ್ ಬೌಲ್ 2022ರ ಫೆಬ್ರವರಿಯಲ್ಲಿ ನಡೆದಾಗ ರ‍್ಯಾಮ್ಸ್ ಎದುರು ಇದ್ದದ್ದು ಅದೇ ಬೆಂಗಾಲ್ಸ್. ಆಟ ಮುಗಿಯಲು ಒಂದೂವರೆ ನಿಮಿಷವೂ ಉಳಿದಿರಲಿಲ್ಲ. ಗೆಲುವಿನ ಟಚ್‌ಡೌನ್ ಪಾಸನ್ನು ಹಿಡಿದವರು ಕೂಪರ್ ಕಪ್, ಆ ಪಾಸಿನ ಉದ್ದ ಒಂದು ಗಜ.